ಗಾಜಿನ ಮಣಿಗೆ ಅಂಟಿದ ಬಿಳಿ ನೂಲು

ಲ್ಯಾಬ್‌ಗೆ ಹೊಸದಾಗಿ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ ಕುರಿ ರಕ್ತ ಅಲ್ಲಾಡಿಸುವುದು. ನಗಬೇಡಿ, ನಿಜವಾಗಿಯೂ ಅದೇ ಕೆಲಸ. ಗಂಟಲಿನ ಸೋಂಕು, ಗಾಯದ ಕೀವು ಇಂಥವನ್ನು ಪರೀಕ್ಷೆ ಮಾಡಬೇಕಾದರೆ ಬ್ಯಾಕ್ಟೀರಿಯಾ ಬೆಳೆಸಬೇಕು. ಅದಕ್ಕೆ ರಕ್ತ ಬೆರೆಸಿದ ಅಗರ್ ತಟ್ಟೆ ಬೇಕು. ಆ ರಕ್ತ ಹೆಪ್ಪುಗಟ್ಟಬಾರದು. ಹೆಪ್ಪು ತಡೆಯುವ ರಾಸಾಯನಿಕವನ್ನೂ ಅದಕ್ಕೆ ಹಾಕುವ ಹಾಗಿರಲಿಲ್ಲ. ಹಾಗಾಗಿ ಒಂದು ಫ್ಲಾಸ್ಕಿನ ತಳಕ್ಕೆ ಗಾಜಿನ ಮಣಿ ಹಾಕುತ್ತಿದ್ದೆವು. ಕುರಿಯಿಂದ ತೆಗೆದ ಬಿಸಿ ರಕ್ತವನ್ನು ಅದರೊಳಗೆ ಬಿಟ್ಟು ಹತ್ತು ನಿಮಿಷ ಕೈ ಬಿಡದೆ ತಿರುಗಿಸುವುದು. ಮೊದಲು ಮಣಿಗಳು ಗಲಗಲ ಅನ್ನುತ್ತವೆ. ಐದಾರು ನಿಮಿಷಕ್ಕೆ ಸದ್ದು ಮಂದವಾಗುತ್ತದೆ. ಆಮೇಲೆ ಸದ್ದೇ ಇಲ್ಲ. ಮಣಿಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತವೆ.

ಆ ಮುದ್ದೆಯನ್ನು ನಲ್ಲಿ ಕೆಳಗೆ ಹಿಡಿದು ತೊಳೆದರೆ ಕೆಂಪೆಲ್ಲ ಹೋಗಿ ಬಿಳಿ ನೂಲು ಉಳಿಯುತ್ತದೆ. ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಕುಗ್ಗುತ್ತದೆ. ನಮ್ಮ ಲ್ಯಾಬಿನ ಹಳೆಯ ಅಟೆಂಡರ್ ಒಬ್ಬರು ಅದನ್ನು 'ರಕ್ತದ ನಾರು' ಅಂತಿದ್ದರು. ಫೈಬ್ರಿನ್ ಎನ್ನುವ ಹೆಸರಿಗೆ ಅದಕ್ಕಿಂತ ಒಳ್ಳೆಯ ಕನ್ನಡ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಇವತ್ತಿನ ಉಪನ್ಯಾಸ ಈ ನಾರಿನ ಬಗ್ಗೆಯೇ. ಗಾಯದಲ್ಲಿ ನಮ್ಮ ಪ್ರಾಣ ಉಳಿಸುವ ಈ ನಾರು ಮಿದುಳಿನೊಳಗೆ ಹೊಕ್ಕರೆ ಏನು ಮಾಡುತ್ತದೆ ಎನ್ನುವ ಕಥೆ.

ನಾರು ರಕ್ತದಲ್ಲಿ ನಾರಾಗಿ ತೇಲುತ್ತಿರುವುದಿಲ್ಲ. ತೇಲಿದರೆ ನಾವು ಯಾರೂ ಬದುಕಿರುತ್ತಿರಲಿಲ್ಲ. ಅದು ಫೈಬ್ರಿನೋಜೆನ್ ಅನ್ನುವ ಕರಗಿದ ಪ್ರೋಟೀನಾಗಿ ಇರುತ್ತದೆ. ಯಕೃತ್ತು ಅದನ್ನು ದಿನವೂ ತಯಾರಿಸುತ್ತದೆ. ರಕ್ತದಿಂದ ಕೋಶಗಳನ್ನೆಲ್ಲ ತೆಗೆದರೆ ಉಳಿಯುವ ದ್ರವವೇ ಪ್ಲಾಸ್ಮಾ. ಒಂದು ಲೀಟರ್ ಪ್ಲಾಸ್ಮಾದಲ್ಲಿ 2ರಿಂದ 4 ಗ್ರಾಂ ಇರುತ್ತದೆ. ಒಬ್ಬ ವಯಸ್ಕರ ಪ್ಲಾಸ್ಮಾದಲ್ಲಿ ಇರುವುದನ್ನೆಲ್ಲ ಒಟ್ಟು ಮಾಡಿದರೆ ಹೆಚ್ಚುಕಡಿಮೆ ಒಂದು ಪವನ್ ಚಿನ್ನದ ತೂಕ. ಗಾಯವಾದಾಗ ಒಂದರ ಹಿಂದೆ ಒಂದು ಹೆಪ್ಪುಕಾರಕಗಳು ಎಚ್ಚರಗೊಳ್ಳುತ್ತವೆ. ಡಾಕ್ಟರುಗಳು ಅವನ್ನು ಫ್ಯಾಕ್ಟರ್ 7, 8, 9, 10 ಅಂತ ನಂಬರಿನಲ್ಲಿ ಕರೆಯುತ್ತಾರೆ. ಕೊನೆಗೆ ಥ್ರಾಂಬಿನ್ ಬರುತ್ತದೆ. ಅದೊಂದು ಕತ್ತರಿ. ಫೈಬ್ರಿನೋಜೆನ್‌ನ ಮೈಯಿಂದ ನಾಲ್ಕು ಸಣ್ಣ ತುಂಡು ಕತ್ತರಿಸುತ್ತದೆ, ಅಷ್ಟೇ. ಕತ್ತರಿಸಿದ ಜಾಗ ಅಂಟಾಗಿ, ಒಂದು ಇನ್ನೊಂದಕ್ಕೆ ಸೇರಿ ನೂಲಾಗುತ್ತದೆ, ನೂಲು ಬಲೆಯಾಗುತ್ತದೆ. ಫ್ಯಾಕ್ಟರ್ 13 ಬಂದು ಆ ಬಲೆಗೆ ಹೊಲಿಗೆ ಹಾಕುತ್ತದೆ.

ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಕಟ್ಟುವುದೂ ಹೆಪ್ಪು. ನಮ್ಮ ಹಿರಿಯರು ಸುಮ್ನೆ ಒಂದೇ ಪದ ಇಟ್ಟಿಲ್ಲ. ಎರಡರಲ್ಲೂ ಕರಗಿದ್ದ ಪ್ರೋಟೀನು ಬಲೆಯಾಗಿ ನೀರನ್ನು ಹಿಡಿದುಕೊಳ್ಳುತ್ತದೆ. ಹಾಲಿನದು ಹುಳಿಯಿಂದ, ರಕ್ತದ್ದು ಕತ್ತರಿಯಿಂದ, ಅಷ್ಟೇ ವ್ಯತ್ಯಾಸ.

ಮಲೆನಾಡಿನ ಕಡೆಯವರು ಇಲ್ಲಿ ತುಂಬಾ ಜನ ಇದ್ದೀರಿ. ಕೊಳಕುಮಂಡಲ ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮೊದಲು ಏನು ಮಾಡುತ್ತಾರೆ ನೋಡಿದ್ದೀರಾ? ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು ಮೇಜಿನ ಮೇಲೆ ನಿಲ್ಲಿಸಿಬಿಡುತ್ತಾರೆ. ಅಲ್ಲಾಡಿಸುವ ಹಾಗಿಲ್ಲ. 20 ನಿಮಿಷ ಕಾದು ಟ್ಯೂಬನ್ನು ಒಂದು ಸಲ ಓರೆ ಮಾಡುತ್ತಾರೆ. ರಕ್ತ ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದರ್ಥ. ಆ ಹಾವಿನ ವಿಷ ಫ್ಯಾಕ್ಟರ್ 10 ಮತ್ತು 5ನ್ನು ಕೆರಳಿಸಿ ಮೈಯಲ್ಲಿರುವ ಫೈಬ್ರಿನೋಜೆನನ್ನೆಲ್ಲ ಖರ್ಚು ಮಾಡಿಸಿಬಿಡುತ್ತದೆ. ಟ್ಯೂಬಿನಲ್ಲಿ ಕಟ್ಟಲು ಏನೂ ಉಳಿದಿರುವುದಿಲ್ಲ. ಆ 20 ನಿಮಿಷ ಗಡಿಯಾರ ನೋಡುತ್ತಾ ಕೂತ ರಾತ್ರಿಗಳು ನನಗೆ ಎಷ್ಟೋ ಇವೆ. ಹಾವನ್ನು ಇಲ್ಲಿಗೆ ಎಳೆದು ತಂದದ್ದಕ್ಕೆ ಕಾರಣ ಇದೆ. ಮುಂದೆ ಅದು ಇನ್ನೊಂದು ಸಲ ಬರುತ್ತದೆ.

ಇನ್ನು ಮಿದುಳಿಗೆ ಬರೋಣ. ಇಲ್ಲಿ ಕನ್ನಡದ್ದೇ ಒಂದು ತಮಾಷೆ ಇದೆ. ನಮ್ಮ ಮಾತಿನಲ್ಲಿ ರಕ್ತನಾಳವೂ ನರ, ನರವೂ ನರ. ಸೂಜಿ ಚುಚ್ಚುವಾಗ ಸಿಸ್ಟರ್ 'ನರ ಸಿಗ್ತಿಲ್ಲ' ಅಂತಾರೆ. ಕಾಲು ಜೋಮು ಹಿಡಿದವರು 'ನರ ಹಿಡ್ಕೊಂಡಿದೆ' ಅಂತಾರೆ. ದೇಹಕ್ಕೆ ಮಾತ್ರ ಈ ಗೊಂದಲ ಇಲ್ಲ. ಮಿದುಳಿನ ಒಳಗೆ ರಕ್ತನಾಳ ಮತ್ತು ನರಕೋಶ ಅಕ್ಕಪಕ್ಕದಲ್ಲೇ ಇದ್ದರೂ ನಡುವೆ ಬಿಗಿಯಾದ ಗೋಡೆ ಇದೆ. 1913ರಲ್ಲಿ ಎಡ್ವಿನ್ ಗೋಲ್ಡ್‌ಮನ್ ಎಂಬ ಜರ್ಮನ್ ವೈದ್ಯ ಪ್ರಾಣಿಗಳ ರಕ್ತಕ್ಕೆ ನೀಲಿ ಬಣ್ಣ ಬಿಟ್ಟ. ಮೈಯೆಲ್ಲ ನೀಲಿಯಾಯಿತು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಅದೇ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೆ ಬಿಟ್ಟಾಗ ಮಿದುಳು ನೀಲಿಯಾಯಿತು, ಮೈ ಆಗಲಿಲ್ಲ. ಅವನ ಗುರು ಪಾಲ್ ಎರ್ಲಿಖ್ ಮಿದುಳಿಗೆ ಬಣ್ಣ ಹಿಡಿಯುವುದಿಲ್ಲ ಅಂದುಕೊಂಡಿದ್ದ. ಶಿಷ್ಯ ಅದು ತಪ್ಪು ಅಂತ ತೋರಿಸಿದ. ಬಣ್ಣ ಹಿಡಿಯುತ್ತದೆ, ಒಳಗೆ ಹೋಗಲು ದಾರಿ ಇಲ್ಲ, ಅಷ್ಟೇ.

ಮಿದುಳಿನ ಸಣ್ಣ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಅಂತಾರೆ. ಬೆಂಗಳೂರಿನಿಂದ ಹೊರಟರೆ ಬೀದರ್ ಹತ್ತಿರ ಹತ್ತಿರ ಮುಟ್ಟಬಹುದು. ಅಷ್ಟುದ್ದದ ಪೈಪಿನ ಒಂದೊಂದು ಇಂಚಿಗೂ ಬಿಗಿಯಾದ ಹೊಲಿಗೆ ಇದೆ. ಅದರಿಂದಾಗಿ ಫೈಬ್ರಿನೋಜೆನ್‌ನಂಥ ದೊಡ್ಡ ಪ್ರೋಟೀನು ಆರೋಗ್ಯವಂತ ಮಿದುಳಿನ ಒಳಗೆ ಕಾಣುವುದೇ ಇಲ್ಲ. ಕಂಡರೆ ಎಲ್ಲೋ ಪೈಪು ಸೋರಿದೆ ಎಂದರ್ಥ.

ಈಗ ನನ್ನ ತಂಗಿಯ ಮಗಳ ವಿಷಯ ಹೇಳುತ್ತೇನೆ, ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಸ್ಕೂಲ್ ಟೀಚರು. ಇಪ್ಪತ್ತೇಳನೇ ವಯಸ್ಸಿನಲ್ಲಿ ಬಲಗಣ್ಣು ಮಸುಕಾಯಿತು. ಕಣ್ಣು ಹೊರಳಿಸಿದರೆ ನೋವು. ಕನ್ನಡಕದ ಅಂಗಡಿಯಲ್ಲಿ ನಂಬರ್ ಬದಲಾಯಿಸಿ ಕಳಿಸಿದರು. ಒಂದು ಶುಕ್ರವಾರ ದೇವರ ಮುಂದೆ ಕೂತವಳು ಸುಮ್ನೆ ಒಂದೊಂದೇ ಕಣ್ಣು ಮುಚ್ಚಿ ಕುಂಕುಮದ ಬಟ್ಟಲು ನೋಡಿದ್ದಾಳೆ. ಎಡಗಣ್ಣಿಗೆ ಕುಂಕುಮ ಕೆಂಪು. ಬಲಗಣ್ಣಿಗೆ ಮಾಸಿದ ಇಟ್ಟಿಗೆ ಬಣ್ಣ. ಆವತ್ತೇ ನನಗೆ ಫೋನು. 'ಮಾವ, ಕುಂಕುಮ ಹಳೆಯದಾದರೆ ಒಂದೇ ಕಣ್ಣಿಗೆ ಹಾಗೆ ಕಾಣತ್ತಾ?' ಅಂತ ಕೇಳಿದಳು. ಕೆಂಪು ಮಾಸುವುದು ಕಣ್ಣಿನ ನರದ ಉರಿಯೂತದ ಒಂದು ಗುರುತು. ಎಂಆರ್‌ಐ ಮಾಡಿಸಿದಾಗ ಮಿದುಳಿನಲ್ಲಿ ಬಿಳಿ ಮಚ್ಚೆಗಳು ಕಂಡವು. ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್.

ನರದ ಎಳೆಗೆ ಮೈಲಿನ್ ಅಂತ ಒಂದು ಹೊದಿಕೆ ಇರುತ್ತದೆ, ಕರೆಂಟು ವೈರಿನ ಪ್ಲಾಸ್ಟಿಕ್ ಇದ್ದ ಹಾಗೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ಕೋಶಗಳು ಅದನ್ನು ಕಿತ್ತುಹಾಕುತ್ತವೆ. ಕಿತ್ತ ಜಾಗ ಯಾವುದೋ ಅದರ ಮೇಲೆ ತೊಂದರೆ. ಕೆಲವರಿಗೆ ಕಣ್ಣು, ಕೆಲವರಿಗೆ ಕಾಲು, ಕೆಲವರಿಗೆ ಮೂತ್ರದ ಹಿಡಿತ. ಜಗತ್ತಿನಲ್ಲಿ ಸುಮಾರು 28 ಲಕ್ಷ ಜನಕ್ಕೆ ಇದೆ ಅಂತ 2020ರ ಲೆಕ್ಕ. ಯುರೋಪಿನವರಿಗೆ ಹೋಲಿಸಿದರೆ ನಮ್ಮಲ್ಲಿ ಕಮ್ಮಿ. ಮಂಗಳೂರು ನಗರದಲ್ಲಿ ಮಾಡಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಜನ ಸಿಕ್ಕರು.

ಈ ಕಾಯಿಲೆಗೂ ರಕ್ತನಾಳಕ್ಕೂ ನಂಟಿದೆ ಅನ್ನುವುದು ಹೊಸ ಮಾತಲ್ಲ. 1863ರಲ್ಲೇ ರಿಂಡ್‌ಫ್ಲೈಶ್ ಎಂಬ ಜರ್ಮನ್ ಪೆಥಾಲಜಿಸ್ಟ್ ಸತ್ತವರ ಮಿದುಳು ಕೊಯ್ದು ನೋಡುವಾಗ ಮಚ್ಚೆಯ ನಟ್ಟನಡುವೆ ಒಂದು ರಕ್ತನಾಳ ಇರುವುದನ್ನು ಕಂಡಿದ್ದ. ಐದು ವರ್ಷದ ನಂತರ ಪ್ಯಾರಿಸ್‌ನಲ್ಲಿ ಶಾರ್ಕೋ ಎಂಬ ನರವೈದ್ಯ ಈ ಕಾಯಿಲೆಗೆ ಸರಿಯಾದ ವಿವರಣೆ ಕೊಟ್ಟ. 1916ರಲ್ಲಿ ಎಡಿನ್‌ಬರೋದ ಡಾಸನ್ ಮಚ್ಚೆಗಳು ರಕ್ತನಾಳದ ಜಾಡು ಹಿಡಿದು ಬೆರಳುಗಳ ಹಾಗೆ ಚಾಚಿಕೊಂಡಿರುವುದನ್ನು ಚಿತ್ರ ಸಮೇತ ಬರೆದ. ಇವತ್ತಿಗೂ ಎಂಆರ್‌ಐ ರಿಪೋರ್ಟಿನಲ್ಲಿ 'ಡಾಸನ್ ಬೆರಳು' ಅಂತ ಬರೆಯುತ್ತಾರೆ. ನನ್ನ ತಂಗಿ ಮಗಳ ರಿಪೋರ್ಟಿನಲ್ಲೂ ಇತ್ತು. ಅವಳು ಅದನ್ನು ಓದಿ 'ಯಾರ ಬೆರಳು ಮಾವ ನನ್ನ ತಲೆಯೊಳಗೆ?' ಅಂದಳು.

ಇಲ್ಲಿ ಅಮೆರಿಕದ ನರವೈದ್ಯ ಟ್ರೇಸಿ ಪಟ್ನಮ್ ಬರುತ್ತಾನೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಗೊತ್ತಲ್ಲ, ಅದು ಮೂರ್ಛೆಗೆ ಆಗುತ್ತದೆ ಎಂದು 1938ರಲ್ಲಿ ತೋರಿಸಿದ ಇಬ್ಬರಲ್ಲಿ ಇವನೊಬ್ಬ. ಸಣ್ಣ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ದಾರಿ ಕಟ್ಟುತ್ತದೆ, ಅದರಿಂದ ಎಂಎಸ್ ಬರುತ್ತದೆ ಎಂಬುದು ಇವನ ವಾದ. 1930ರ ದಶಕದಲ್ಲಿ ನಾಯಿಗಳ ಮಿದುಳಿನ ಸಣ್ಣ ರಕ್ತನಾಳಗಳನ್ನು ಕಟ್ಟಿಸಿ, ಎಂಎಸ್‌ನಂಥ ಮಚ್ಚೆ ತರಿಸಿದ. ಹಾಗಾದರೆ ಹೆಪ್ಪು ತಡೆಯುವ ಔಷಧ ಕೊಟ್ಟರೆ ಕಾಯಿಲೆ ನಿಲ್ಲಬೇಕಲ್ಲ?

ಆ ಔಷಧ ಸಿಕ್ಕ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಕ್ಷಮಿಸಿ. 1933ರ ಚಳಿಗಾಲ. ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತನ ದನಗಳು ಒಂದೊಂದಾಗಿ ರಕ್ತ ಸೋರಿ ಸಾಯುತ್ತಿವೆ. ಅವನು ಹಿಮದ ಬಿರುಗಾಳಿಯಲ್ಲೇ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಮುಗ್ಗಿದ ಹುಲ್ಲಿನ ಹೊರೆ, ಒಂದು ಹಾಲಿನ ಕ್ಯಾನು. ಕ್ಯಾನಿನಲ್ಲಿ ಹಾಲಲ್ಲ, ಕಟ್ಟದ ರಕ್ತ. ಕಾರ್ಲ್ ಲಿಂಕ್ ಎಂಬ ಕೃಷಿ ರಸಾಯನ ವಿಜ್ಞಾನಿಯ ಲ್ಯಾಬಿನ ನೆಲದ ಮೇಲೆ ಅದನ್ನಿಟ್ಟ. ಸಿಹಿ ಕ್ಲೋವರ್ ಎನ್ನುವ ಮೇವು ಮುಗ್ಗಿದಾಗ ಅದರಲ್ಲಿ ಡೈಕುಮರಾಲ್ ಹುಟ್ಟುತ್ತದೆ ಎಂದು ಪತ್ತೆ ಮಾಡಲು ಲಿಂಕ್ ತಂಡಕ್ಕೆ ಆರು ವರ್ಷ ಹಿಡಿಯಿತು. ಅದರ ತಮ್ಮನೇ ವಾರ್ಫರಿನ್. ಮೊದಲು ಇಲಿ ಪಾಷಾಣವಾಗಿ ಮಾರ್ಕೆಟ್ಟಿಗೆ ಬಂತು, ಆಮೇಲೆ ಹೃದಯದ ವಾಲ್ವ್ ಬದಲಾಯಿಸಿದವರ ಮಾತ್ರೆಯಾಯಿತು. ನಿಮ್ಮಲ್ಲೂ ಯಾರಾದರೂ ನುಂಗುತ್ತಿರಬಹುದು.

ಪಟ್ನಮ್ 1940ರ ದಶಕದಲ್ಲಿ ಎಂಎಸ್ ರೋಗಿಗಳಿಗೆ ಡೈಕುಮರಾಲ್ ಕೊಟ್ಟ. ಕೆಲವರಿಗೆ ವಾಸಿಯಾದ ಹಾಗೆ ಕಂಡಿತು. ಆದರೆ ಆ ಚಿಕಿತ್ಸೆ ಬಳಕೆಯಲ್ಲಿ ಉಳಿಯಲಿಲ್ಲ. ರಕ್ತ ಸೋರುವ ಅಪಾಯ ಬೇರೆ. ವಾದವೂ ಮೂಲೆ ಸೇರಿತು. ನನಗನ್ನಿಸುವುದೇನೆಂದರೆ, ಪಟ್ನಮ್ ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದ್ದ, ಒಳಗಿದ್ದವನ ಹೆಸರು ಮಾತ್ರ ತಪ್ಪಾಗಿ ಕೂಗಿದ. ಹೆಪ್ಪು ದಾರಿ ಕಟ್ಟುವುದು ಇಲ್ಲಿನ ಮುಖ್ಯ ತೊಂದರೆ ಅಲ್ಲ. ಪೈಪು ಸೋರಿ, ಫೈಬ್ರಿನೋಜೆನ್ ಮಿದುಳಿನೊಳಗೆ ಬಂದು, ಅಲ್ಲಿ ನಾರಾಗಿ ಕೂರುವುದು ತೊಂದರೆ.

ಎಂಎಸ್ ಮಚ್ಚೆಯಲ್ಲಿ ಫೈಬ್ರಿನ್ ಇರುವುದು ಪೆಥಾಲಜಿಯವರಿಗೆ ಬಹಳ ಕಾಲದಿಂದ ಗೊತ್ತು. ನಾವು ಅದಕ್ಕೆ ಬೆಲೆ ಕೊಡಲಿಲ್ಲ. ಗೋಡೆ ಒಡೆದಿದೆ ಎನ್ನುವುದಕ್ಕೆ ಗುರುತು ಅಂದುಕೊಂಡೆವು. ಮಳೆಗಾಲದಲ್ಲಿ ಗೋಡೆಯ ಮೇಲೆ ಪಾಚಿ ಕಂಡರೆ ತೇವ ಇದೆ ಅಂತ ಗೊತ್ತಾಗುತ್ತದೆ, ಪಾಚಿಯೇ ಗೋಡೆ ಬೀಳಿಸಿತು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಹಾಗೆ. ಪಾಚಿಯೂ ಗೋಡೆ ತಿನ್ನುತ್ತದೆ ಎಂದು ತೋರಿಸಬೇಕಾದರೆ ಪಾಚಿಯನ್ನು ತೆಗೆದು ನೋಡಬೇಕು.

ತೆಗೆಯುವುದು ಹೇಗೆ? ಇಲ್ಲಿ ಹಾವು ಮತ್ತೆ ಬರುತ್ತದೆ. ಮಲಯಾ ಕಡೆಯ ಒಂದು ಮಂಡಲದ ಹಾವಿನ ವಿಷದಲ್ಲಿ ಆ್ಯಂಕ್ರಾಡ್ ಅನ್ನುವ ಕಿಣ್ವ ಇದೆ. ಅದನ್ನು ಹದವಾಗಿ ಕೊಟ್ಟರೆ ರಕ್ತದಲ್ಲಿನ ಫೈಬ್ರಿನೋಜೆನ್ ಖಾಲಿಯಾಗುತ್ತದೆ. ನಮ್ಮ ಟ್ಯೂಬಿನ ಪರೀಕ್ಷೆಯಲ್ಲಿ ಕೊಳಕುಮಂಡಲ ಮಾಡುವ ಹಾವಳಿಯನ್ನೇ ಇಲ್ಲಿ ಅಳೆದು ತೂಗಿ ಬೇಕೆಂದೇ ಮಾಡುವುದು. 1970ರ ದಶಕದಲ್ಲೇ ಪ್ಯಾಟರ್ಸನ್ ಎಂಬಾತ ಎಂಎಸ್‌ನಂಥ ಕಾಯಿಲೆ ತರಿಸಿದ ಇಲಿಗಳಿಗೆ ಇದನ್ನು ಕೊಟ್ಟು ನೋಡಿದ್ದ, ಕಾಯಿಲೆ ತಗ್ಗಿತ್ತು. ಆದರೂ ಆ ಕೆಲಸ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ.

ಅದನ್ನು ಮತ್ತೆ ಕೈಗೆತ್ತಿಕೊಂಡು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಹಟ ಹಿಡಿದು ಕೂತವರು ಕತೆರೀನಾ ಅಕಸ್ಸೋಗ್ಲು. ಗ್ರೀಸ್ ಮೂಲದವರು, ಈಗ ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯಲ್ಲಿದ್ದಾರೆ. 2004ರಲ್ಲಿ ಅವರ ತಂಡ, ಫೈಬ್ರಿನ್ ಇಲ್ಲದ ಇಲಿಗಳಲ್ಲಿ ಉರಿಯೂತ ಕಮ್ಮಿ, ಮೈಲಿನ್ ಹಾಳಾಗುವುದೂ ತಡ ಎಂದು ತೋರಿಸಿತು. ಆಮೇಲಿನ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಆರೋಗ್ಯವಂತ ಇಲಿಯ ಮಿದುಳಿಗೆ ಒಂದಿಷ್ಟೇ ಇಷ್ಟು ಪ್ಲಾಸ್ಮಾ ಚುಚ್ಚಿದರು. ಯಾವ ರೋಗಾಣುವೂ ಇಲ್ಲ, ಬರೀ ಪ್ಲಾಸ್ಮಾ. ಅಷ್ಟಕ್ಕೇ ಅಲ್ಲಿ ಉರಿಯೂತ ಎದ್ದಿತು. ಫೈಬ್ರಿನೋಜೆನ್ ಇಲ್ಲದೆ ಹುಟ್ಟಿದ ಇಲಿಯ ಪ್ಲಾಸ್ಮಾ ಚುಚ್ಚಿದಾಗ ಹಾಗಾಗಲಿಲ್ಲ. ಬರೀ ಫೈಬ್ರಿನೋಜೆನ್ ಚುಚ್ಚಿದಾಗ ಮೈಲಿನ್ ಕಿತ್ತುಬಂತು, ಹೊರಗಿನಿಂದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳೂ ನುಗ್ಗಿದವು. ಪ್ಲಾಸ್ಮಾದಲ್ಲಿ ಸಾವಿರಾರು ಪ್ರೋಟೀನು ಇವೆ. ಅಷ್ಟರಲ್ಲಿ ಬೆರಳು ಈ ಒಂದರ ಕಡೆಗೇ ತಿರುಗಿತು. ಇದು 2015ರ ಮಾತು.

ಹಾಗಾದರೆ ಒಂದು ನಾರು ಇಷ್ಟೆಲ್ಲ ಹೇಗೆ ಮಾಡುತ್ತದೆ? ಮಿದುಳಿನ ಒಳಗೆ ಮೈಕ್ರೋಗ್ಲಿಯಾ ಅಂತ ಕಾವಲು ಕೋಶಗಳಿವೆ. ಬದುಕಿರುವ ಇಲಿಯ ಮಿದುಳಿನಲ್ಲಿ ಅವನ್ನು ಹಸಿರಾಗಿ ಹೊಳೆಯುವಂತೆ ಮಾಡಿ ಲೇಸರ್ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರೆ. ವಿಡಿಯೋ ನೋಡಿದರೆ ಗೊತ್ತಾಗುತ್ತದೆ, ಆ ಕೋಶ ಕೂತ ಜಾಗದಲ್ಲೇ ಕೂತು ತನ್ನ ಕೈಗಳನ್ನು ಎಲ್ಲ ಕಡೆ ಚಾಚಿ ತಡಕಾಡುತ್ತಲೇ ಇರುತ್ತದೆ. ಕರೆಂಟು ಹೋದಾಗ ನಾವು ಬೆಂಕಿಪೊಟ್ಟಣ ಹುಡುಕುವ ಹಾಗೆ. 2012ರಲ್ಲಿ ಪ್ರಕಟವಾದ ಕೆಲಸದಲ್ಲಿ, ಕಾಯಿಲೆಯ ಲಕ್ಷಣ ಶುರುವಾಗುವ ಮೊದಲೇ ಈ ಕೋಶಗಳು ಸೋರುವ ರಕ್ತನಾಳದ ಸುತ್ತ ಗುಂಪು ಕಟ್ಟುವುದು ಕಂಡಿತು. ಇಲಿ ಇನ್ನೂ ಚೆನ್ನಾಗಿ ಓಡಾಡಿಕೊಂಡೇ ಇರುತ್ತದೆ, ಒಳಗೆ ಜನ ಸೇರುತ್ತಿರುತ್ತಾರೆ. ಆ ಗುಂಪು ಕಟ್ಟಿದ ಜಾಗದಲ್ಲೇ ಆಮೇಲೆ ನರದ ಎಳೆಗಳು ತುಂಡಾಗುತ್ತವೆ.

ಗುಂಪು ಕಟ್ಟಿಸುವುದು ಫೈಬ್ರಿನ್‌ನ ಮೈಯಲ್ಲಿರುವ ಒಂದು ಸಣ್ಣ ಭಾಗ. ಈ ಪ್ರೋಟೀನಿಗೆ ಮೂರು ಬಗೆಯ ಎಳೆಗಳಿವೆ. ಗಾಮಾ ಎನ್ನುವ ಎಳೆಯ ತುದಿ ಹತ್ತಿರ, 377ರಿಂದ 395ನೇ ಅಮೈನೋ ಆಮ್ಲದವರೆಗಿನ ತುಂಡು. ಹತ್ತೊಂಬತ್ತು ಮಣಿಗಳ ಸರ ಅಂದುಕೊಳ್ಳಿ. ರಕ್ತದಲ್ಲಿ ಕರಗಿರುವಾಗ ಈ ಸರ ಮಡಿಚಿಕೊಂಡು ಒಳಗೆ ಅಡಗಿರುತ್ತದೆ. ಥ್ರಾಂಬಿನ್ ಕತ್ತರಿಸಿ ನಾರಾದ ಮೇಲೆ ಹೊರಗೆ ಕಾಣಿಸಿಕೊಳ್ಳುತ್ತದೆ. ಮೈಕ್ರೋಗ್ಲಿಯಾದ ಮೇಲೆ ಸಿಡಿ11ಬಿ ಎನ್ನುವ ಒಂದು ಕೊಂಡಿ ಇದೆ, ಸರ ಹೋಗಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಿತೋ, ಕೋಶ ಕೆರಳಿತು.

ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಹೆಪ್ಪು ಕಟ್ಟಲು ಈ ಸರ ಬೇಕಾಗಿಯೇ ಇಲ್ಲ. ಕಟ್ಟುವ ಕೈ ಬೇರೆ, ಕೂಗುವ ಕೈ ಬೇರೆ. ಅಮೆರಿಕದ ಸಿನ್ಸಿನಾಟಿಯ ಜೇ ಡೇಗನ್ ಅವರ ಲ್ಯಾಬಿನಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತು. ಆ ಸರದಲ್ಲಿ ಕೆಲವೇ ಮಣಿ ಬದಲಾಯಿಸಿ ಒಂದು ಇಲಿ ತಳಿ ಮಾಡಿದರು. ಅವುಗಳ ರಕ್ತ ಮಾಮೂಲಿಯಾಗಿ ಹೆಪ್ಪುಗಟ್ಟುತ್ತದೆ, ಗಾಯ ಆದರೆ ಸೋರುತ್ತಾ ಕೂರುವುದಿಲ್ಲ. ಆದರೆ ಅವುಗಳ ಫೈಬ್ರಿನ್ ಸಿಡಿ11ಬಿ ಕೊಂಡಿಗೆ ಸಿಕ್ಕುವುದಿಲ್ಲ. ಅಂಥ ಇಲಿಗಳಿಗೆ ಎಂಎಸ್‌ನಂಥ ಕಾಯಿಲೆ ತರಿಸಿದರೆ ಅದು ಸೌಮ್ಯವಾಗಿ ಬರುತ್ತದೆ. ಪಟ್ನಮ್‌ಗೆ ಈ ಇಲಿ ಸಿಕ್ಕಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವನ ಔಷಧ ಎರಡೂ ಕೈಯನ್ನು ಒಟ್ಟಿಗೇ ಕಟ್ಟಿಹಾಕುತ್ತಿತ್ತು.

2018ರಲ್ಲಿ ಅಕಸ್ಸೋಗ್ಲು ತಂಡ 5ಬಿ8 ಅನ್ನುವ ಪ್ರತಿಕಾಯ, ಅಂದರೆ ಒಂದೇ ಗುರಿಗೆ ಹೋಗಿ ಅಂಟುವ ಪ್ರೋಟೀನು, ತಯಾರಿಸಿರುವುದಾಗಿ ಪ್ರಕಟಿಸಿತು. ಅದು ಹೋಗಿ ಸರಿಯಾಗಿ ಆ ಸರದ ಮೇಲೆಯೇ ಕೂರುತ್ತದೆ. ಸರ ಹೊರಗೆ ಕಾಣುವುದು ನಾರಾದ ಮೇಲೆ ತಾನೆ, ಹಾಗಾಗಿ ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್‌ನ ತಂಟೆಗೆ ಅದು ಹೋಗುವುದಿಲ್ಲ. ಹೆಪ್ಪುಗಟ್ಟುವ ಸಮಯದಲ್ಲೂ ವ್ಯತ್ಯಾಸ ಬರಲಿಲ್ಲ. ನನ್ನಂಥ ಲ್ಯಾಬಿನವನು ಮೊದಲು ಹುಡುಕುವುದು ಆ ಅಂಕಿಯನ್ನೇ. ಎಂಎಸ್ ಮಾದರಿಯ ಇಲಿಗಳಲ್ಲೂ ಅಲ್‌ಝೈಮರ್ ಎನ್ನುವ ಮರೆವಿನ ಕಾಯಿಲೆಯ ಮಾದರಿಯ ಇಲಿಗಳಲ್ಲೂ ಉರಿಯೂತ ಇಳಿಯಿತು, ನರಕೋಶ ಉಳಿಯಿತು. ಇದೇ ದಾರಿಯಲ್ಲಿ ಮನುಷ್ಯರಿಗೆ ಹೊಂದುವಂತೆ ಮಾಡಿದ ಪ್ರತಿಕಾಯವನ್ನು ಮೊದಲು ಆರೋಗ್ಯವಂತ ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿದ್ದಾರೆ.

ಕಿತ್ತುಹೋದ ಮೈಲಿನ್ ವಾಪಸ್ ಬರುವುದಿಲ್ಲವೇ? ಬರುತ್ತದೆ. ಅದನ್ನು ಸುತ್ತುವ ಕೋಶಗಳ ಮರಿಗಳು ಮಿದುಳಿನಲ್ಲಿ ಕಾದು ಕೂತಿರುತ್ತವೆ. ಎಂಎಸ್‌ನಲ್ಲಿ ಅವು ಎಷ್ಟೋ ಸಲ ಬೆಳೆಯದೆ ಮರಿಗಳಾಗಿಯೇ ಉಳಿದುಬಿಡುತ್ತವೆ. 2017ರಲ್ಲಿ ತಿಳಿದದ್ದು, ಫೈಬ್ರಿನೋಜೆನ್ ನೇರವಾಗಿ ಆ ಮರಿಗಳ ಮೇಲೂ ಕೈ ಮಾಡುತ್ತದೆ, 'ಬೆಳೆಯಬೇಡ' ಎನ್ನುವ ಸೂಚನೆ ಕೊಡುತ್ತದೆ. ಇದು ಸಿಡಿ11ಬಿ ಕೊಂಡಿಯ ದಾರಿ ಅಲ್ಲ, ಬೇರೆಯದೇ ದಾರಿ. ಅಂದರೆ 5ಬಿ8 ಈ ಬಾಗಿಲನ್ನು ಮುಚ್ಚುತ್ತದೆ ಎಂದು ಹೇಳುವಂತಿಲ್ಲ. ಎರಡು ಕೈ ಅಂದೆ, ಮೂರನೆಯದೂ ಇದೆ ಅಂತಾಯಿತು. ಉಪಮೆ ಕೊಡುವವರ ಪಾಡೇ ಇಷ್ಟು.

ನಾರೊಂದೇ ಅಪರಾಧಿ ಅಂದುಕೊಳ್ಳಬೇಡಿ. ಹೆಪ್ಪುಕಾರಕಗಳಲ್ಲಿ ಇನ್ನೂ ಕೆಲವರ ಹೆಸರು ಎಫ್‌ಐಆರ್‌ನಲ್ಲಿದೆ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಲಾರೆನ್ಸ್ ಸ್ಟೈನ್‌ಮನ್ ತಂಡ ಎಂಎಸ್ ಮಚ್ಚೆಗಳ ಪ್ರೋಟೀನುಗಳನ್ನೆಲ್ಲ ಪಟ್ಟಿ ಮಾಡಿದಾಗ ಅದರಲ್ಲಿ ಹೆಪ್ಪಿಗೆ ಸಂಬಂಧಪಟ್ಟವು ಸಿಕ್ಕವು. ಅದನ್ನು ನೋಡಿ ಇಲಿಗಳಿಗೆ ಹಿರುಡಿನ್ ಕೊಟ್ಟರು, ಕಾಯಿಲೆ ತಗ್ಗಿತು. ಹಿರುಡಿನ್ ಎಲ್ಲಿಯದು ಗೊತ್ತಾ? ಜಿಗಣೆಯ ಜೊಲ್ಲಿನದು. ಥ್ರಾಂಬಿನ್ ಕತ್ತರಿಯ ಬಾಯನ್ನು ಅದು ಕಚ್ಚಿ ಹಿಡಿಯುತ್ತದೆ. ಆಗುಂಬೆ ಕಡೆ ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದವರಿಗೆ ಗೊತ್ತು, ಇಂಬಳ ಬಿದ್ದುಹೋದ ಮೇಲೂ ಕಾಲಿಂದ ರಕ್ತ ಇಳಿಯುತ್ತಲೇ ಇರುತ್ತದೆ. ಸುಣ್ಣ ಹಚ್ಚುತ್ತೇವೆ, ಬೈಯುತ್ತೇವೆ. ರಕ್ತ ಕುಡಿದು ಬದುಕುವ ಜೀವಿಗಳೆಲ್ಲ ಹೆಪ್ಪಿನ ವಿಷಯದಲ್ಲಿ ನಮಗಿಂತ ಎಷ್ಟೋ ಕಾಲ ಮೊದಲೇ ಪಿಎಚ್‌ಡಿ ಮಾಡಿಕೊಂಡಿವೆ.

ಇನ್ನೊಬ್ಬ ಫ್ಯಾಕ್ಟರ್ 12. ಇದರ ಕಥೆ ವಿಚಿತ್ರ. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರ ಆಪರೇಷನ್‌ಗೆ ಬಂದ. ಮೊದಲು ರಕ್ತ ಪರೀಕ್ಷೆ ಮಾಡಿದರೆ, ಟ್ಯೂಬಿನಲ್ಲಿ ಎಷ್ಟು ಹೊತ್ತಾದರೂ ಕಟ್ಟುತ್ತಿಲ್ಲ. ಆದರೆ ಅವನಿಗೆ ಜೀವಮಾನದಲ್ಲಿ ರಕ್ತಸ್ರಾವದ ತೊಂದರೆಯೇ ಆಗಿಲ್ಲ! ಆಸ್ಕರ್ ರಾಟ್ನಾಫ್ ಎಂಬ ವೈದ್ಯ ಇದನ್ನು ಬೆನ್ನು ಹತ್ತಿ, ಅವನಲ್ಲಿ ಒಂದು ಹೆಪ್ಪುಕಾರಕವೇ ಇಲ್ಲ ಎಂದು 1955ರಲ್ಲಿ ಪ್ರಕಟಿಸಿದ. ಅದೇ ಫ್ಯಾಕ್ಟರ್ 12. ಗಾಜಿನ ಟ್ಯೂಬಿನಲ್ಲಿ ರಕ್ತ ಕಟ್ಟಲು ಅದು ಬೇಕು, ಮೈಯಲ್ಲಿ ಆದ ಗಾಯಕ್ಕೆ ಬೇಡ. ಹೇಗ್‌ಮನ್ ಕೊನೆಗೆ 1968ರಲ್ಲಿ ಸತ್ತದ್ದು, ನಂಬಿ, ಶ್ವಾಸಕೋಶಕ್ಕೆ ಹೆಪ್ಪು ಹೋಗಿ.

ಗಾಯಕ್ಕೆ ಬೇಡದ ಈ ಫ್ಯಾಕ್ಟರ್ ಮೈಯಲ್ಲಿ ಯಾಕಿದೆ? 2016ರಲ್ಲಿ ಜರ್ಮನಿಯ ತಂಡವೊಂದು ಒಂದು ಉತ್ತರ ಕೊಟ್ಟಿತು. ಎಂಎಸ್ ಉಲ್ಬಣಿಸಿದಾಗ ರಕ್ತದಲ್ಲಿ ಫ್ಯಾಕ್ಟರ್ 12 ಹೆಚ್ಚಾಗಿರುತ್ತದೆ. ಅದು ಶತ್ರುವಿನ ಗುರುತು ತೋರಿಸುವ ಡೆಂಡ್ರೈಟಿಕ್ ಕೋಶಗಳನ್ನು ಕೆರಳಿಸಿ, ಅವುಗಳ ಮೂಲಕ ಟಿ ಕೋಶಗಳನ್ನು ದಾಳಿಗೆ ಅಣಿ ಮಾಡುತ್ತದೆ. ಫ್ಯಾಕ್ಟರ್ 12 ಇಲ್ಲದ ಇಲಿಗಳಿಗೆ ಕಾಯಿಲೆ ಹಗುರ. ಇದನ್ನು ತಡೆದರೂ ರಕ್ತ ಸೋರುವ ಭಯ ಇಲ್ಲ, ಹೇಗ್‌ಮನ್‌ಗೆ ಸೋರಲಿಲ್ಲವಲ್ಲ ಹಾಗೆ. ಔಷಧ ಹುಡುಕುವವರಿಗೆ ಇದಕ್ಕಿಂತ ಬೇಕೇ?

ಎಂಎಸ್ ನಮ್ಮಲ್ಲಿ ಲಕ್ಷಕ್ಕೆ ಎಂಟು ಜನಕ್ಕೆ ಅಂದೆ. ಉಳಿದವರಿಗೆ ಇದು ಯಾಕೆ ಬೇಕು ಅಂತ ಅನ್ನಿಸಬಹುದು. 2021ರ ಮೇ ತಿಂಗಳು ನೆನಪಿಸಿಕೊಳ್ಳಿ. ಆಗ ಪಾನ್ ಅಂಗಡಿಯ ಮುಂದೆ ನಿಂತವರ ಬಾಯಲ್ಲೂ 'ಡಿ-ಡೈಮರ್ ಎಷ್ಟು ಬಂತು?' ಎನ್ನುವ ಮಾತಿತ್ತು. ನನಗೆ ವಾಟ್ಸಾಪ್‌ನಲ್ಲಿ ದಿನಕ್ಕೆ ಮೂವತ್ತು ರಿಪೋರ್ಟು ಬರುತ್ತಿದ್ದವು. ಡಿ-ಡೈಮರ್ ಅಂದರೆ ಬೇರೇನಲ್ಲ, ಆ ಬಿಳಿ ನಾರನ್ನು ದೇಹ ಕರಗಿಸಿದಾಗ ಉಳಿಯುವ ಚೂರು. ಚೂರು ಜಾಸ್ತಿ ಇದೆ ಅಂದರೆ ಎಲ್ಲೋ ನಾರು ಜಾಸ್ತಿ ಕಟ್ಟಿದೆ ಎಂದರ್ಥ. ಬ್ರಿಟನ್ನಿನಲ್ಲಿ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದ 1,837 ಜನರನ್ನು ಹಿಂಬಾಲಿಸಿ ನೋಡಿದರು. ಕಾಯಿಲೆಯ ಹೊತ್ತಿನಲ್ಲಿ ಉರಿಯೂತದ ಮಟ್ಟಕ್ಕೆ ಹೋಲಿಸಿದರೆ ಫೈಬ್ರಿನೋಜೆನ್ ಅಥವಾ ಡಿ-ಡೈಮರ್ ಜಾಸ್ತಿ ಇದ್ದವರಲ್ಲಿ ಆರು ತಿಂಗಳು, ಒಂದು ವರ್ಷದ ಮೇಲೂ ಮರೆವು, ಮಂಕು ಹೆಚ್ಚು ಕಂಡಿತು. 2023ರಲ್ಲಿ ಪ್ರಕಟವಾಯಿತು. ಮರುವರ್ಷ ಅಕಸ್ಸೋಗ್ಲು ತಂಡ ಕೊರೋನಾ ವೈರಸ್ಸಿನ ಸ್ಪೈಕ್ ಪ್ರೋಟೀನು ನೇರವಾಗಿ ಫೈಬ್ರಿನ್‌ಗೆ ಅಂಟುತ್ತದೆ, ಹಾಗೆ ಅಂಟಿದ ಹೆಪ್ಪು ಉರಿಯೂತವನ್ನು ಇನ್ನೂ ಹೆಚ್ಚಿಸುತ್ತದೆ ಎಂದು ಬರೆಯಿತು. ಅಲ್ಲೂ 5ಬಿ8 ಇಲಿಗಳಿಗೆ ಉಪಕಾರ ಮಾಡಿತು. ಅಲ್‌ಝೈಮರ್‌ನ ವಿಷಯ ಇನ್ನೊಂದು ಉಪನ್ಯಾಸಕ್ಕೇ ಆಗುತ್ತದೆ, ಇವತ್ತು ಬಿಡೋಣ.

ಟೀ ಬಿಡುವಿನಲ್ಲಿ ಒಬ್ಬ ಹಿರಿಯರು ಕೇಳಿದರು. 'ಸಾರ್, ಹಾಗಾದರೆ ರಕ್ತ ತೆಳು ಮಾಡೋ ಮಾತ್ರೆ ತಗೊಂಡರೆ ಮಿದುಳಿಗೆ ಒಳ್ಳೇದಾ?' ದಯವಿಟ್ಟು ಹಾಗೆ ಮಾಡಬೇಡಿ. ಮೊದಲನೆಯದು, ಹೃದಯಕ್ಕೆ ಅಂತ ಕೊಡುವ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಮೇಲೆ ಕೆಲಸ ಮಾಡುತ್ತದೆ, ಈ ನಾರಿನ ಮೇಲಲ್ಲ. ಎರಡನೆಯದು, ವಾರ್ಫರಿನ್ ನಾರು ಕಟ್ಟುವುದನ್ನು ತಡೆಯುತ್ತದೆ ನಿಜ. ಆದರೆ ಅದರ ದೊಡ್ಡ ಅಪಾಯವೇ ಮಿದುಳಿನಲ್ಲಿ ರಕ್ತ ಸೋರುವುದು. ಸೋರಿದ ರಕ್ತದ ಜೊತೆ ಫೈಬ್ರಿನೋಜೆನ್ ಮತ್ತೆ ಒಳಗೆ! ಡಾಕ್ಟರು ಬರೆದುಕೊಟ್ಟ ಕಾರಣಕ್ಕೆ ತೆಗೆದುಕೊಳ್ಳುತ್ತಿರುವವರು ನಿಲ್ಲಿಸಲೂ ಬೇಡಿ, ಇಲ್ಲದವರು ಶುರು ಮಾಡಲೂ ಬೇಡಿ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನ ಹುಡುಗಿಯದು, ಬಹಳ ಚೂಪಾದ ಪ್ರಶ್ನೆ. ಆ 'ಕೂಗುವ ಕೈ' ಯಾವ ಉಪಯೋಗಕ್ಕೂ ಇಲ್ಲದಿದ್ದರೆ ದೇಹ ಅದನ್ನು ಇಟ್ಟುಕೊಂಡಿದೆ ಯಾಕೆ? ಉಪಯೋಗ ಇದೆ. ಡೇಗನ್ ಲ್ಯಾಬಿನ ಆ ಇಲಿಗಳ ಹೊಟ್ಟೆಗೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟಾಗ ಅವು ಅದನ್ನು ಸರಿಯಾಗಿ ಹೊಡೆದೋಡಿಸಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ಗಾಯದಲ್ಲಿ ಕಟ್ಟಿದ ನಾರು 'ಇಲ್ಲಿ ಬನ್ನಿ, ಇಲ್ಲಿ ಕಳ್ಳ ನುಗ್ಗಿದ್ದಾನೆ' ಅಂತ ಕೂಗುವುದು ನಮಗೆ ಬೇಕು. ಅದೇ ಕೂಗು ಮಿದುಳಿನಲ್ಲಿ ಬೇಡ. ಹಾಗಾಗಿ ಈಗ ಮನುಷ್ಯರ ಮೇಲೆ ನಡೆಯುವ ಪರೀಕ್ಷೆಗಳಲ್ಲಿ ನಾನು ನೋಡಬೇಕೆಂದಿರುವುದು ಎರಡು. ಒಂದು, ರಕ್ತ ಸೋರುತ್ತದೆಯೋ. ಇನ್ನೊಂದು, ಸೋಂಕು ಹೆಚ್ಚುತ್ತದೆಯೋ. ಇಲಿಯಲ್ಲಿ ವಾಸಿಯಾದ ಎಂಎಸ್ ಮನುಷ್ಯರಲ್ಲಿ ವಾಸಿಯಾಗದ ಉದಾಹರಣೆ ಬೇಕಾದಷ್ಟಿವೆ, ಅದೂ ತಲೆಯಲ್ಲಿರಲಿ.

ನನ್ನ ತಂಗಿ ಮಗಳು ಈಗ ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕಿಸಿಕೊಳ್ಳುತ್ತಾಳೆ, ಬಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ತಗ್ಗಿಸುವ ಔಷಧ. ಮೂರು ವರ್ಷದಿಂದ ಹೊಸ ಮಚ್ಚೆ ಬಂದಿಲ್ಲ. ಇಂಥ ಔಷಧಗಳು ಹೊರಗಿನಿಂದ ನುಗ್ಗುವವರನ್ನು ಚೆನ್ನಾಗಿ ತಡೆಯುತ್ತವೆ. ಒಳಗೇ ಕೂತು ನಿಧಾನವಾಗಿ ತಿನ್ನುವುದನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ. ಬಹಳ ವರ್ಷ ಎಂಎಸ್ ಇದ್ದು ಸತ್ತವರ ಮಿದುಳು ಪರೀಕ್ಷೆ ಮಾಡಿದಾಗ, ಫೈಬ್ರಿನ್ ಹೆಚ್ಚು ಕೂತಿದ್ದ ಕಡೆ ನರಕೋಶಗಳು ಕಮ್ಮಿ ಇದ್ದವು. ನಾರಿನ ಔಷಧ ಕೆಲಸಕ್ಕೆ ಬಂದರೆ ಅಲ್ಲಿಗೇ ಬರಬೇಕು. ಮೊನ್ನೆ ಇದನ್ನೆಲ್ಲ ಅವಳಿಗೆ ಹೇಳಿ ಫೋನಿನಲ್ಲಿ ಮೈಕ್ರೋಗ್ಲಿಯಾದ ವಿಡಿಯೋ ತೋರಿಸಿದೆ. ಹಸಿರು ಕೈಗಳು ತಡಕಾಡುವುದನ್ನು ಎರಡು ಸಲ ನೋಡಿದಳು. ಆಮೇಲೆ ಪರ್ಸಿನಿಂದ ಕುಂಕುಮದ ಸಣ್ಣ ಡಬ್ಬಿ ತೆಗೆದು, ಎಡಗಣ್ಣು ಮುಚ್ಚಿ ನೋಡಿ, 'ಇವತ್ತು ಪರವಾಗಿಲ್ಲ ಮಾವ, ಮುಕ್ಕಾಲು ಕೆಂಪು' ಅಂದಳು.